ಬಣ್ಣದ ಹಾಳೆಗಳೂ ಜೋಳದ ಮಿಡತೆಯೂ

ಹುಳಹುಪ್ಪಟೆಗಳನ್ನು ಕುರಿತ ಹಳೆಯ ಇಂಗ್ಲಿಷ್ ಗ್ರಂಥಗಳನ್ನು ಸಾಹಿತ್ಯ ವಿಮರ್ಶೆಯ ಪುಟಗಳಲ್ಲಿ ಚರ್ಚಿಸುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಆದರೆ ಒಂದು ನಾಡಿನ ಜನ ತಮ್ಮ ಹೊಲದ ಜೀವಿಗಳಿಗೆ ಇಟ್ಟ ಹೆಸರುಗಳು ಪುಸ್ತಕದ ಒಳಗೆ ಬಂದುವೇ ಅಥವಾ ಹೊರಗೇ ಉಳಿದುವೇ ಎಂಬ ಪ್ರಶ್ನೆಯನ್ನು ಗಡಿಯಲ್ಲಿ ಬಾಳುವ ನಾವು ವಿಜ್ಞಾನಿಗಳಿಗೆ ಬಿಟ್ಟು ಸುಮ್ಮನಿರುವಂತಿಲ್ಲ. ಸಾಂಗಲಿಯ ಹಿರಿಯರೊಬ್ಬರು ತಮ್ಮ ಖಾಸಗಿ ಗ್ರಂಥಸಂಗ್ರಹದಲ್ಲಿ ಇಂಥ ಪುಸ್ತಕಗಳನ್ನು ಕೂಡಿಟ್ಟಿದ್ದಾರೆ. ಕುಣಿಕೋಣೂರಿನಿಂದ ಜತ್ತದ ಮೇಲೆ ಬಸ್ಸಿನಲ್ಲಿ ಹೋಗಿ ಹೋಗಿ ಕೆಲವನ್ನು ಓದಿದೆ. ಮೂರನ್ನು ಕುರಿತು ಇಲ್ಲಿ ಬರೆಯುತ್ತೇನೆ.

ಸಂಗ್ರಾಹಕರು ಬಟ್ಟೆಯಲ್ಲಿ ಸುತ್ತಿ ಇಟ್ಟಿರುವುದು ಎಡ್ವರ್ಡ್ ಡೊನೊವನ್ನನ ಭಾರತದ ಕೀಟಗಳ ಗ್ರಂಥವನ್ನು. ಲಂಡನ್ನಿನಲ್ಲಿ 1800ರಲ್ಲಿ ಹೊರಡಲಾರಂಭಿಸಿದ ಈ ಪುಸ್ತಕವನ್ನು 1842ರಲ್ಲಿ ವೆಸ್ಟ್‌ವುಡ್ ಪರಿಷ್ಕರಿಸಿದರು. ಇಲ್ಲಿರುವುದು ಆ ಎರಡನೆಯ ಆವೃತ್ತಿ. ಕೈಯಿಂದ ಬಣ್ಣ ತುಂಬಿದ ಚಿತ್ರಗಳು ಇಂದಿಗೂ ಹೊಳೆಯುತ್ತವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಡೊನೊವನ್ ಭಾರತಕ್ಕೆ ಕಾಲಿಟ್ಟವನಲ್ಲ. ಲಂಡನ್ನಿನ ಶ್ರೀಮಂತರ ಪೆಟ್ಟಿಗೆಗಳಲ್ಲಿ ಸೂಜಿ ಚುಚ್ಚಿಟ್ಟ ಹುಳುಗಳನ್ನು ನೋಡಿ ಬರೆದ. ಹೀಗಾಗಿ ಅವನ ಪಾತರಗಿತ್ತಿಗೆ ಊರಿಲ್ಲ, ಋತುವಿಲ್ಲ. ಅದು ಕೂತ ಗಿಡ ಅಲಂಕಾರಕ್ಕೆ ಬಂದದ್ದು. ಅವನಿಗಿಂತ ನೂರು ವರ್ಷ ಮೊದಲೇ, 1705ರಲ್ಲಿ ಪ್ರಕಟವಾದ ಸುರಿನಾಮಿನ ಕೀಟಗಳ ಗ್ರಂಥದಲ್ಲಿ ಮಾರಿಯಾ ಸಿಬಿಲ್ಲಾ ಮೇರಿಯನ್ ಎಂಬ ಹೆಣ್ಣುಮಗಳು ಕಂಬಳಿಹುಳಗಳನ್ನು ತಾನೇ ಸಾಕಿ, ತಿನ್ನುವ ಎಲೆಯ ಮೇಲೆಯೇ ಬರೆದು ತೋರಿಸಿದ್ದಳು. ಆಕೆಯ ಪಕ್ಕದಲ್ಲಿ ಡೊನೊವನ್ ಒಬ್ಬ ನುರಿತ ಅಲಂಕಾರಿಕನಾಗಿ ಮಾತ್ರ ಕಾಣುತ್ತಾನೆ.

ಕಾಸರಗೋಡಿನ ಓದುಗರಿಗೆ ಇಲ್ಲಿ ‘ಹೋರ್ತುಸ್ ಮಲಬಾರಿಕುಸ್’ ನೆನಪಾಗದೆ ಇರದು. 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ಆ ಗ್ರಂಥದ ಚಿತ್ರಗಳಲ್ಲಿ ಗಿಡದ ಹೆಸರು ಮಲಯಾಳ ಲಿಪಿಯಲ್ಲೂ ಇದೆ. ಇಟ್ಟಿ ಅಚ್ಯುತನ್ ವೈದ್ಯರೂ ಕೊಂಕಣಿ ಪಂಡಿತರೂ ಮಾಡಿದ ಉಪಕಾರ ಅದರಲ್ಲೇ ದಾಖಲಾಗಿದೆ. ಗಿಡಗಳು ಮದ್ದಿಗೆ ಬೇಕಾಗಿದ್ದವು, ಆದ್ದರಿಂದ ಬಲ್ಲವರನ್ನು ಕೇಳಿದರು. ಹುಳುಗಳ ವಿಷಯದಲ್ಲಿ ಯಾರನ್ನೂ ಕೇಳುವ ಅಗತ್ಯ ಕಾಣಲಿಲ್ಲವೆಂದು ತೋರುತ್ತದೆ.

ಎರಡನೆಯದು, ‘ಈಹ’ ಎಂಬ ಸಂಕ್ಷಿಪ್ತನಾಮದಿಂದ ಬರೆಯುತ್ತಿದ್ದ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್ನನ 1894ರ ‘ಎ ನ್ಯಾಚುರಲಿಸ್ಟ್ ಆನ್ ದ ಪ್ರೌಲ್’. ನಮ್ಮ ಸಾತಾರೆಯಲ್ಲೇ 1851ರಲ್ಲಿ ಹುಟ್ಟಿದವನು. ಸುಂಕ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿಯಾಗಿ ಉತ್ತರ ಕನ್ನಡದ ಕಾಡು ಸುತ್ತಿದವನು. ಡೇವಿಡ್‌ಸನ್, ಬೆಲ್ ಎಂಬ ಇನ್ನಿಬ್ಬರು ಅಧಿಕಾರಿಗಳೊಡನೆ ಸೇರಿ ಆ ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1896ರಿಂದ ಬರೆದ ಲೇಖನಮಾಲೆ ಇಂದಿಗೂ ಆಧಾರಗ್ರಂಥವೆನ್ನಿಸಿಕೊಂಡಿದೆ. ಇವನ ಗದ್ಯ ಚುರುಕು, ಹಾಸ್ಯ ತಿಳಿಯಾದದ್ದು. ಇರುವೆಗಳ ಸಂಸಾರವನ್ನು ಇಷ್ಟು ಸಹನೆಯಿಂದ ನೋಡುವ ಈ ಮನುಷ್ಯ, 1889ರ ‘ಬಿಹೈಂಡ್ ದ ಬಂಗಲೋ’ದಲ್ಲಿ ತನ್ನ ಮನೆಯ ಆಳುಕಾಳುಗಳನ್ನು ಮಾತ್ರ ನಗೆಗೆ ವಸ್ತುವಾಗಿಸುತ್ತಾನೆ. ಎರಡು ಪುಸ್ತಕಗಳನ್ನೂ ಒಟ್ಟಿಗೆ ಓದಿದರೆ, ಓದಿದ ಸಂತೋಷ ಹೋಗುವುದಿಲ್ಲವಾದರೂ ಮನಸ್ಸಿನಲ್ಲೊಂದು ಮುಳ್ಳು ಉಳಿಯುತ್ತದೆ. ಕಾಡನ್ನು ಬಲ್ಲವರು ಅವನ ಸುತ್ತ ಇದ್ದೇ ಇದ್ದರು; ಪುಟಗಳಲ್ಲಿ ಅವರ ದನಿ ನನಗೆ ಕೇಳಿಸಲಿಲ್ಲ.

ಮೂರನೆಯದು ಪುಸ್ತಕವೆನ್ನಲೂ ಬಾರದ್ದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆ 1911ರಲ್ಲಿ ಹೊರತಂದ ಸರಕಾರಿ ವರದಿ. ಬರೆದವರು ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್. ಸಂಗ್ರಾಹಕರು ಇದನ್ನು ಬೇರೆ ಕಾಗದಗಳೊಡನೆ ಹೊಲಿಸಿಬಿಟ್ಟಿದ್ದರು, ಮಾರಲು ಹೋದರೆ ಬೆಲೆ ಬಾರದೆಂಬ ಕಾರಣಕ್ಕೆ. ಆದರೆ ಅದರ ಇಂಗ್ಲಿಷ್ ಶೀರ್ಷಿಕೆಯ ಮೊದಲ ಹೆಸರೇ ‘ಜೋಳ’! ಜೋಳದ ಮಿಡತೆ ಅಥವಾ ದಖ್ಖಣದ ಮಿಡತೆ ಎಂದು ಅದರ ಅರ್ಥ. ಇಂಗ್ಲಿಷಿನಲ್ಲಿ ಈ ಧಾನ್ಯಕ್ಕೆ ಬೇರೆ ಹೆಸರಿಲ್ಲವೆಂದಲ್ಲ. ರೈತ ಹೇಳಿದ ಮಾತನ್ನು ಕೋಲ್ಮನ್ ಹಾಗೆಯೇ ಉಳಿಸಿಕೊಂಡ.

ಈ ಮಿಡತೆಗೆ ಹಾರಲು ರೆಕ್ಕೆಯಿಲ್ಲ. ವರ್ಷಕ್ಕೆ ಒಂದೇ ಪೀಳಿಗೆ. ತತ್ತಿಯನ್ನು ಮಣ್ಣಿನಲ್ಲಿ ಇಡುತ್ತದೆ, ಮುಂಗಾರು ಬಿದ್ದ ಮೇಲೆ ಮರಿ ಏಳುತ್ತದೆ. ಅದಕ್ಕೇ ಹೊಲ ಹರಗಿ ತತ್ತಿಯನ್ನು ಬಿಸಿಲಿಗೆ ಹಾಕುವುದು ಪರಿಹಾರವೆನಿಸಿತು. ಸ್ಪೇನಿನ ಬೊಲಿವಾರ್ 1910ರಲ್ಲಿ ಇದಕ್ಕೆ ಕೋಲ್ಮನ್ನನ ಹೆಸರನ್ನೇ ಕೊಟ್ಟು ‘ಕೋಲ್ಮೇನಿಯ’ ಎಂದ. ಜೋಳ ತಿನ್ನುವ ಹುಳುವಿಗೆ ಜೋಳ ಕಾಯಲು ಬಂದವನ ಹೆಸರು! ಡೊನೊವನ್ನನ ನೂರು ಚಿಟ್ಟೆಗಳಿಗಿಂತ ಈ ಒಂದು ಮಿಡತೆಯ ಬರೆಹ ನನಗೆ ದೊಡ್ಡದಾಗಿ ಕಂಡದ್ದು, ಯಾರದೋ ಹೊಟ್ಟೆಯ ಪ್ರಶ್ನೆ ಇದರಲ್ಲಿ ಇರುವುದರಿಂದ. ನಮ್ಮದೂ ಜೋಳ, ಸಜ್ಜೆಯ ಸೀಮೆಯಾದ್ದರಿಂದ ನನ್ನದು ಪಕ್ಷಪಾತವೆಂದರೂ ಚಿಂತೆಯಿಲ್ಲ.

ನಮ್ಮ ತಾಲೂಕಿನಲ್ಲಿ ಕನ್ನಡ ಶಾಲೆಗಳಿವೆ. ಆದರೆ ಬೆಳೆಯ ರೋಗಕ್ಕೆ, ಹುಳುವಿಗೆ ಸರಕಾರದಿಂದ ಬರುವ ಕಾಗದ ಮರಾಠಿಯಲ್ಲಿ ಇರುತ್ತದೆ. ಮಿಡತೆ ಕಾಗದದಲ್ಲಿ ‘ನಾಕತೋಡಾ’ ಆಗುತ್ತದೆ, ಪಾತರಗಿತ್ತಿ ‘ಫುಲಪಾಖರೂ’. ಅಜ್ಜಿಯ ಬಾಯಲ್ಲಿದ್ದ ಹೆಸರು ಮೊಮ್ಮಗನಿಗೆ ಹೊಲದಲ್ಲೂ ಬೇಡವಾಗುತ್ತಿದೆ. ನಿಮ್ಮಲ್ಲಿಯೂ ತೆಂಗಿನ ಸುಳಿ ಕೊರೆಯುವ ಕುರುವಾಯಿ ‘ಕೊಂಬನ್ ಚೆಲ್ಲಿ’ ಆಗಿರಬೇಕು. ಎರಡೂ ಹೆಸರು ಗೊತ್ತಿದ್ದರೆ ಲಾಭವೇ. ಒಂದು ಹೋಗಿ ಇನ್ನೊಂದು ಬಂದರೆ ಅದು ಬೇರೆ ಮಾತು. (ಕನ್ನಡ ಕಾವ್ಯದಲ್ಲಿ ಹೂವಿಗೆ ಎರಗುವ ತುಂಬಿ ಮಲಯಾಳದಲ್ಲಿ ಏರೋಪ್ಲೇನ್ ಚಿಟ್ಟೆಯಾದದ್ದು ಹೇಗೆಂದು ಬಲ್ಲವರು ಹೇಳಬೇಕು.)

ಇನ್ನೊಂದು ವಿಷಯವನ್ನು ಸಂಪಾದಕರ ಗಮನಕ್ಕೆ ತರಬಯಸುತ್ತೇನೆ. ಅದೇ 1911ರಲ್ಲಿ ಅದೇ ಇಲಾಖೆ ಬತ್ತದ ಮಿಡತೆಯ ಬಗೆಗೂ ವರದಿ ತಂದಿತು. ಅದರಲ್ಲಿ ಕೋಲ್ಮನ್ನನ ಜೊತೆಗೆ ಕುಂಞಿ ಕಣ್ಣನ್ ಅವರ ಹೆಸರೂ ಇದೆ. ಮಲಬಾರಿನವರು, ಮೈಸೂರು ಸಂಸ್ಥಾನದ ಮೊದಲ ಭಾರತೀಯ ಕೀಟತಜ್ಞರು; ದುಬಾರಿ ಔಷಧವಿಲ್ಲದೆ ಬಡರೈತನ ಕೈಗೆಟಕುವ ಉಪಾಯಗಳನ್ನು ಹುಡುಕಿದವರು. ಪಶ್ಚಿಮದ ನಾಗರಿಕತೆಯ ಬಗ್ಗೆಯೂ ಪುಸ್ತಕ ಬರೆದು, 1931ರಲ್ಲಿ ತೀರಿಕೊಂಡರು. ಮಲಯಾಳ ಮನೆಮಾತಿನ ಒಬ್ಬರು ಕನ್ನಡ ರೈತನ ಗದ್ದೆಯಲ್ಲಿ ದುಡಿದ ಈ ಕಥೆಯನ್ನು ವಾರ್ಷಿಕದ ಮಲಯಾಳ ವಿಭಾಗದಲ್ಲಿ ಯಾರಾದರೂ ಬರೆದರೆ, ನಮ್ಮೂರಿನಲ್ಲಿ ಅದನ್ನು ಕನ್ನಡಕ್ಕೆ ತರಿಸಿಕೊಂಡು ಓದುತ್ತೇವೆ.