ಬಿಸಿಲೆ ಹತ್ತಿ, ಸಂಪಾಜೆ ಇಳಿಯಿರಿ

ಪುತ್ತೂರಿನಿಂದ ಒಂದು ದಿನದ ಮಟ್ಟಿಗೆ ಘಟ್ಟ ಹತ್ತಿ ಬರೋಣ ಎಂದವರು ಹೆಚ್ಚಾಗಿ ಸುಳ್ಯ, ಸಂಪಾಜೆ, ಮಡಿಕೇರಿ ಎಂದು ಹೋಗಿ ಅದೇ ದಾರಿಯಲ್ಲಿ ವಾಪಸಾಗುತ್ತಾರೆ. ನನ್ನ ಒತ್ತಾಯವೇ ಬೇರೆ. ಹತ್ತಲಿಕ್ಕೆ ಬಿಸಿಲೆ, ಇಳಿಯಲಿಕ್ಕೆ ಸಂಪಾಜೆ. ಸವಣೂರು, ಕಾಣಿಯೂರು, ನಿಂತಿಕಲ್ಲು, ಪಂಜದ ಮೇಲೆ ಸುಬ್ರಹ್ಮಣ್ಯ ತಲುಪಿ, ಕುಲ್ಕುಂದದಲ್ಲಿ ಘಾಟಿ ರಸ್ತೆ ಹಿಡಿಯಿರಿ. ಬಿಸಿಲೆ ದಾಟಿದರೆ ವಣಗೂರು ಕೂಡುರಸ್ತೆ, ಮುಂದೆ ಸೋಮವಾರಪೇಟೆ, ಮಾದಾಪುರ, ಮಡಿಕೇರಿ. ಸಂಜೆಗೆ ಸಂಪಾಜೆ ಇಳಿದು ಸುಳ್ಯದ ಮೇಲೆ ಮನೆಗೆ. ಎಲ್ಲ ಸೇರಿ 250 ಕಿಲೋಮೀಟರಿನ ಆಸುಪಾಸು. ಕಡಬದವರು ಮರ್ದಾಳದ ಮೇಲೆ, ಸುಳ್ಯದವರು ಗುತ್ತಿಗಾರಿನ ಮೇಲೆ ಸುಬ್ರಹ್ಮಣ್ಯಕ್ಕೆ ಬಂದರಾಯಿತು.

ಇದೇ ಸುತ್ತನ್ನು ತಿರುಗಿಸಿ ಹೊಡೆದರೆ ಏನು ಎಂದು ಕೇಳುವವರಿದ್ದಾರೆ. ತುಂಬ ವ್ಯತ್ಯಾಸವಿದೆ. ಬಿಸಿಲೆಯದು ದಟ್ಟ ಕಾಡಿನ ನಡುವಿನ ಸಪೂರ ರಸ್ತೆ. ಕೆಲವು ತಿರುವುಗಳಲ್ಲಿ ಎದುರು ವಾಹನ ಬಂದರೆ ಒಬ್ಬರು ರಿವರ್ಸ್ ಹೋಗಲೇಬೇಕು. ಕಡಿದಾದ ದಾರಿಯಲ್ಲಿ ಏರುವ ವಾಹನಕ್ಕೆ ಮೊದಲ ಹಕ್ಕು ಎಂದು 2017ರ ಚಾಲನಾ ನಿಯಮಗಳೇ ಹೇಳುತ್ತವೆ. ಹತ್ತುವಾಗ ಆ ಹಕ್ಕೂ ನಿಮ್ಮದು, ವೇಗದ ಹಿಡಿತವೂ ನಿಮ್ಮದು. ಇಳಿಯುವ ಕೆಲಸವನ್ನು ಅಗಲವಾದ ಹೆದ್ದಾರಿಗೆ ಬಿಡುವುದು ಲೇಸು.

ಇನ್ನೊಂದು ಕಾರಣ ಬೆಳಕು. ಬಿಸಿಲೆ ಊರಿಗಿಂತ ಸ್ವಲ್ಪ ಮೊದಲು, ಹಾಸನ ಜಿಲ್ಲೆಯ ಗಡಿಯೊಳಗೆ, ಬ್ಯೂಟಿ ಸ್ಪಾಟ್ ಸಿಗುತ್ತದೆ. ಕಣಿವೆಯಾಚೆ ದಕ್ಷಿಣಕ್ಕೆ 1,712 ಮೀಟರ್ ಎತ್ತರದ ಕುಮಾರ ಪರ್ವತ, ಅದರ ಒಡನಾಡಿ ಬೆಟ್ಟಗಳು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಮಧ್ಯಾಹ್ನ ಹೋದರೆ ಬೆಟ್ಟದ ಬೆನ್ನಿಗೆ ಬೆಳಕು, ನಿಮ್ಮ ಕಣ್ಣಿಗೆ ಮಬ್ಬು ನೀಲಿಯಷ್ಟೇ. ಒಂಬತ್ತರೊಳಗೆ ಅಲ್ಲಿದ್ದರೆ ಎಡಗಡೆಯಿಂದ ಓರೆ ಬಿಸಿಲು ಬಿದ್ದು ಬೆಟ್ಟದ ಒಂದೊಂದು ಮಡಿಕೆಯೂ ಬಿಡಿಸಿ ಕಾಣುತ್ತದೆ. ಎಲ್ಲಿ ಶೋಲೆ, ಎಲ್ಲಿ ಹುಲ್ಲು ಎಂದು ಗುರುತಿಸಬಹುದು. ಈ ಅರ್ಧ ಗಂಟೆಗಾಗಿಯೇ ಪುತ್ತೂರನ್ನು ಐದೂವರೆಗೆ ಬಿಡಬೇಕು. ಮಂಗಳವಾರ, ಭಾನುವಾರ ಬೇಡ, ಸುಬ್ರಹ್ಮಣ್ಯದಲ್ಲಿ ಭಕ್ತರ ವಾಹನಗಳೇ ತುಂಬಿರುತ್ತವೆ. ಚಂಪಾಷಷ್ಠಿಯ ವಾರವಂತೂ ಬೇಡವೇ ಬೇಡ. ತಿಂಡಿ ಸುಬ್ರಹ್ಮಣ್ಯದಲ್ಲೇ ಮುಗಿಸಿ. ಪೆಟ್ರೋಲ್ ಹಿಂದಿನ ರಾತ್ರಿಯೇ ತುಂಬಿಸಿರಬೇಕು. ಕುಲ್ಕುಂದ ಬಿಟ್ಟ ಮೇಲೆ ಮೊಬೈಲನ್ನು ನಂಬಬೇಡಿ. ಆನೆ ಕಂಡರೆ ಹಾರ್ನ್ ಮಾಡದೆ ದೂರದಲ್ಲೇ ನಿಲ್ಲಿ.

ಈ ಸುತ್ತಿನಲ್ಲಿ ನನಗೆ ಅತಿ ಪ್ರಿಯವಾದದ್ದು ನೀರಿನ ದಿಕ್ಕು. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿನ ಕಡಲಿಗೆ ಹೋಗುತ್ತದೆ. ಘಟ್ಟದ ತಲೆ ದಾಟಿದ ಮೇಲೆ ಹರಿಯುವುದೆಲ್ಲ ಹೇಮಾವತಿ, ಹಾರಂಗಿಗಳ ಮೂಲಕ ಕಾವೇರಿಗೆ. ಮಡಿಕೇರಿ ಬಿಟ್ಟು ಇಳಿಯತೊಡಗಿದರೆ ಮತ್ತೆ ನಮ್ಮ ಕಡೆಯ ನೀರು: ಪಯಸ್ವಿನಿ. ಸುಳ್ಯದವರೆಗೂ ಆಗಾಗ ಜೊತೆ ಕೊಡುವ ಈ ನದಿ ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿಕೊಳ್ಳುತ್ತದೆ.

ಈ ದಾರಿಗೆ ಇತಿಹಾಸವೂ ಇದೆ. ಅಮರಸುಳ್ಯ, ಪುತ್ತೂರು ಸೀಮೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ಇವನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಆ ಅಸಮಾಧಾನ 1837ರಲ್ಲಿ ದಂಗೆಯಾಗಿ ಸುಳ್ಯದಿಂದ ಮಂಗಳೂರಿನ ಬಾವುಟಗುಡ್ಡೆಯವರೆಗೆ ನಡೆಯಿತು. ಸಂಪಾಜೆ ಇಂದಿಗೂ ಎರಡು ಜಿಲ್ಲೆಗಳಲ್ಲಿ ಹಂಚಿಹೋದ ಊರು.

ಮಡಿಕೇರಿಯನ್ನು ನಾಲ್ಕಕ್ಕೆ ಬಿಡಿ. 1,100 ಮೀಟರಿಗೂ ಮೇಲಿನಿಂದ ಸುಳ್ಯದ ತಗ್ಗಿಗೆ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಅದು ಕಾದು ಹಿಡಿತ ಸಡಿಲಾಗುತ್ತದೆ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಎಂಜಿನ್ನೇ ವಾಹನವನ್ನು ತಡೆಯಲಿ. ಮದೆನಾಡು, ಜೋಡುಪಾಲದಲ್ಲಿ ಗುಡ್ಡದ ಮೈ ನೋಡಿ. 2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿಯೇ ಮುಚ್ಚಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸುತ್ತು ಬೇಡ ಎನ್ನುವುದು ಅದಕ್ಕೇ. ಮಳೆಗಾಲದ ಜಲಪಾತಗಳು ಚೆಂದ, ನಿಜ. ಆದರೆ ನೆನೆದ ಮಣ್ಣನ್ನು ನಂಬಿ ಮಕ್ಕಳನ್ನು ಕರೆದೊಯ್ಯಿರಿ ಎಂದು ನಾನು ಬರೆಯಲಾರೆ. ನವೆಂಬರ್‌ನಿಂದ ಜನವರಿ ಒಳ್ಳೆಯದು. ಅಷ್ಟು ಬೇಗ ಏಳಲಾಗದವರು ಬಿಸಿಲೆಯನ್ನು ಬಿಟ್ಟು ಸಂಪಾಜೆಯಲ್ಲೇ ಹೋಗಿ ಬರಲಿ.