‘ನಮ್ದೆ’ ಎಂಬ ಪದ: ಬೆಂಗಳೂರಿನ ಹೆಸರಿನ ತಂಡವೊಂದರ ಘೋಷವಾಕ್ಯದ ವಿಚಾರ

ಕನ್ನಡದ ವಾಕ್ಯವೊಂದು ಈಚಿನ ವರ್ಷಗಳಲ್ಲಿ ಯಾವ ಕವಿಯ ನೆರವೂ ಇಲ್ಲದೆ, ಯಾವ ಪಠ್ಯಪುಸ್ತಕದ ಆಶ್ರಯವೂ ಇಲ್ಲದೆ, ನಾಡಿನ ಗಡಿಯನ್ನು ದಾಟಿ ಭಾರತದಲ್ಲೆಲ್ಲ ಹರಡಿದೆ. ‘ಈ ಸಲ ಕಪ್ ನಮ್ದೆ’ ಎಂಬುದೇ ಆ ವಾಕ್ಯ. ಕನ್ನಡ ಬಾರದವರೂ ಇದನ್ನು ಉಚ್ಚರಿಸಬಲ್ಲರು. ಅಣಕಿಸುವವರಂತೂ ಇನ್ನೂ ಚೆನ್ನಾಗಿ ಉಚ್ಚರಿಸಬಲ್ಲರು. ಕ್ರೀಡಾಂಗಣದ ಕೂಗಿಗೆ ಸಂಶೋಧನ ಪತ್ರಿಕೆಯ ಪುಟಗಳಲ್ಲಿ ಸ್ಥಾನವೇಕೆಂದು ಕೆಲವು ವಾಚಕರು ಹುಬ್ಬೇರಿಸಬಹುದು. ಗಾದೆಯನ್ನೂ ಒಗಟನ್ನೂ ಲಾವಣಿಯನ್ನೂ ಆಸ್ಥೆಯಿಂದ ಸಂಗ್ರಹಿಸಿದ ನಮಗೆ, ಜನರ ಬಾಯಲ್ಲಿ ಬೆಳೆದ ಮಾತೊಂದನ್ನು ಅದು ಮದ್ಯದ ಹೆಸರು ಹೊತ್ತ ತಂಡಕ್ಕೆ ಸಂಬಂಧಿಸಿದುದೆಂಬ ಕಾರಣದಿಂದಲೇ ಕಡೆಗಣಿಸುವ ಅಧಿಕಾರವಿಲ್ಲವೆಂದು ನಾನು ಭಾವಿಸಿದ್ದೇನೆ.

ಮೊದಲು ವಾಕ್ಯದ ರಚನೆಯನ್ನು ನೋಡೋಣ. ಇದರಲ್ಲಿ ಕ್ರಿಯಾಪದವಿಲ್ಲ, ಆದುದರಿಂದ ಕಾಲವೂ ಇಲ್ಲ. ‘ಗೆದ್ದೆವು’ ಎಂದರೆ ಭೂತ, ‘ಗೆಲ್ಲುವೆವು’ ಎಂದರೆ ಭವಿಷ್ಯತ್ತು. ‘ನಮ್ದೆ’ ಎಂದರೆ ಎರಡೂ ಅಲ್ಲ. ವರ್ಷವರ್ಷವೂ ಸೋಲುತ್ತಿದ್ದ ತಂಡದ ಅಭಿಮಾನಿಗಳು ವರ್ಷವರ್ಷವೂ ಇದನ್ನು ನಾಚಿಕೆಯಿಲ್ಲದೆ ಹೇಳಲು ಸಾಧ್ಯವಾದುದು ವಾಕ್ಯಕ್ಕೆ ಕ್ರಿಯಾಪದವಿಲ್ಲದುದರಿಂದಲೇ. ಇನ್ನು ಪದಾಂತ್ಯದ ‘ಏ’. ಗ್ರಂಥಸ್ಥ ಭಾಷೆಯ ‘ನಮ್ಮದೇ’ ಆಡುಮಾತಿನಲ್ಲಿ ಕುಗ್ಗಿ ‘ನಮ್ದೆ’ ಆಯಿತು. ಈ ‘ಏ’ ಅವಧಾರಣಾರ್ಥಕ: ಮತ್ತೊಬ್ಬರದಲ್ಲ, ನಮ್ಮದೇ. ಆದರೆ ಇದೇ ‘ಏ’ ಕನ್ನಡದಲ್ಲಿ ಪ್ರಶ್ನಾರ್ಥಕವೂ ಹೌದೆಂಬುದನ್ನು ಮರೆಯಬಾರದು. ‘ಇದು ನಮ್ಮದೇ?’ ಎಂದು ಸ್ವರವೇರಿಸಿ ಕೇಳಿದರೆ ನಿಶ್ಚಯವು ಸಂಶಯವಾಗುತ್ತದೆ. ಅಕ್ಷರ ಅದೇ, ಕಂಠ ಮಾತ್ರ ಬೇರೆ.

2024ರ ಮಾರ್ಚ್ 17ರಂದು ದೆಹಲಿಯಲ್ಲಿ ಬೆಂಗಳೂರಿನ ಮಹಿಳಾ ತಂಡ ಪ್ರಶಸ್ತಿಯನ್ನು ಗೆದ್ದಾಗ ನಾಯಕಿ ಸ್ಮೃತಿ ಮಂಧಾನಾ, ವಾಕ್ಯವು ಇನ್ನು ಮುಂದೆ ‘ಈ ಸಲ ಕಪ್ ನಮ್ದು’ ಎಂದಾಗಬೇಕೆಂದು ಸೂಚಿಸಿದರು. ಕನ್ನಡ ಅವರ ಮನೆಮಾತಲ್ಲ. ಬೆಳೆದದ್ದು ನಮ್ಮ ಗಡಿಗೆ ಹೊಂದಿಕೊಂಡ ಸಾಂಗಲಿಯಲ್ಲಿ. ಆದರೂ ಈ ತಿದ್ದುಪಡಿ ವ್ಯಾಕರಣದ ಮರ್ಮವನ್ನು ತಿಳಿದವರ ತಿದ್ದುಪಡಿಯಂತಿದೆ. ಎದುರಾಳಿಯಿರುವವರೆಗೆ ಅವಧಾರಣೆ ಬೇಕು; ವಸ್ತು ಕೈಸೇರಿದ ಮೇಲೆ ‘ಏ’ ಉದುರಿ ‘ಉ’ ಉಳಿಯುತ್ತದೆ. ಪುರುಷರ ತಂಡ ಈ ಪ್ರತ್ಯಯವನ್ನು ಬದಲಾಯಿಸಲು 2025ರ ಜೂನ್ 3ರವರೆಗೆ ಕಾಯಬೇಕಾಯಿತು.

ಪದದ ಅಂತ್ಯವನ್ನು ನೋಡಿದ್ದಾಯಿತು. ಆದಿಯಲ್ಲಿರುವ ‘ನಮ್’ ಎಂಬುದೇ ನಿಜವಾಗಿ ಕಠಿನವಾದ ಭಾಗ. ಈ ‘ನಾವು’ ಯಾರು?

ಇಂಡಿಯನ್ ಪ್ರೀಮಿಯರ್ ಲೀಗ್ ಎಂಬ ವ್ಯವಸ್ಥೆಯಲ್ಲಿ ನಗರಗಳ ಹೆಸರುಗಳನ್ನೇ ಹರಾಜಿಗಿಟ್ಟುದು 2008ರ ಜನವರಿಯಲ್ಲಿ. ಬೆಂಗಳೂರಿನ ಹೆಸರಿನಲ್ಲಿ ತಂಡ ಕಟ್ಟುವ ಹಕ್ಕನ್ನು ವಿಜಯ ಮಲ್ಯರ ಉದ್ಯಮಸಮೂಹ 11 ಕೋಟಿ 16 ಲಕ್ಷ ಡಾಲರಿಗೆ ಕೊಂಡು, ತನ್ನ ವಿಸ್ಕಿಯ ಹೆಸರನ್ನು ಊರಿನ ಹೆಸರಿಗೆ ಮುಂಚೆ ಜೋಡಿಸಿತು. ಆರಂಭದಲ್ಲಿ ಊರಿಗೆ ಕಿಂಚಿತ್ ಮರ್ಯಾದೆಯಿತ್ತು: ರಾಹುಲ್ ದ್ರಾವಿಡರನ್ನು ಬೆಂಗಳೂರಿನ ಪ್ರತಿನಿಧಿ ಆಟಗಾರನೆಂದು ಹರಾಜಿನಿಂದ ಹೊರಗಿಟ್ಟಿದ್ದರು, ಸುತ್ತಲಿನ ಪ್ರದೇಶದ ಆಟಗಾರರನ್ನು ಸೇರಿಸಿಕೊಳ್ಳಬೇಕೆಂಬ ನಿಯಮವೂ ಇತ್ತು. ಆ ನಿಯಮ ಮುಂದೆ ಉಳಿಯಲಿಲ್ಲ. 2008ರ ಏಪ್ರಿಲ್ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಮೊಟ್ಟಮೊದಲ ಪಂದ್ಯದಲ್ಲಿ ಕೋಲ್ಕತ್ತದ ಪರವಾಗಿ ಮೆಕಲಮ್ ಒಬ್ಬರೇ 158 ರನ್ ಹೊಡೆದರೆ ಬೆಂಗಳೂರಿನ ಇಡೀ ತಂಡ ಗಳಿಸಿದ್ದು 82. ಅದರಲ್ಲಿಯೂ ಯಾವ ದಾಂಡಿಗನಿಗಿಂತಲೂ ಇತರೆ ರನ್ನುಗಳೇ ಹೆಚ್ಚು, 19. ಆ ರಾತ್ರಿ ಬೆಂಗಳೂರಿಗಾಗಿ ಇನಿಂಗ್ಸ್ ಆರಂಭಿಸಿದವರು ದ್ರಾವಿಡ್ ಮತ್ತು ಮುಂಬಯಿಯ ವಸೀಮ್ ಜಾಫರ್. ಜಾಫರರ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅವರು ಮುಂದೆ ನಮ್ಮ ನಾಗಪುರಕ್ಕೇ ಬರುವರು.

ಇದಕ್ಕೆ ಪ್ರತಿಯಾಗಿ ಹಳೆಯ ‘ನಾವು’ ಒಂದಿತ್ತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ ಋತುವಿನಲ್ಲಿ ಪ್ರಸನ್ನರ ನಾಯಕತ್ವದ ತಂಡ, ಸತತವಾಗಿ ಹದಿನೈದು ವರ್ಷ ರಣಜಿ ಟ್ರೋಫಿಯನ್ನು ಬಿಟ್ಟುಕೊಡದಿದ್ದ ಮುಂಬಯಿಯನ್ನು ಬೆಂಗಳೂರಿನಲ್ಲಿ ಹಿಮ್ಮೆಟ್ಟಿಸಿ, ಅನಂತರ ಟ್ರೋಫಿಯನ್ನೂ ಗೆದ್ದಿತು. ಹೊಸ ಹೆಸರು ಪಡೆದ ನಾಡಿಗೆ ಆ ಹೆಸರಿನ ತಂಡದಿಂದ ಬಂದ ಮೊದಲ ಕಾಣಿಕೆಗಳಲ್ಲಿ ಅದೊಂದು. ವಿಶ್ವನಾಥ್, ಚಂದ್ರಶೇಖರ್, ಬ್ರಿಜೇಶ್ ಪಟೇಲರಿದ್ದ ಆ ತಂಡವನ್ನು ‘ನಮ್ಮದು’ ಎನ್ನಲು ಯಾರಿಗೂ ‘ಏ’ಕಾರ ಬೇಕಾಗಿರಲಿಲ್ಲ. ಆದರೆ ಈ ಹಳೆಯ ಕಾಲವನ್ನು ಹೊಗಳಿ ಹೊಸದನ್ನು ಹಳಿಯುವುದು ಸುಲಭ. ಸುಲಭವಾದುದರಿಂದಲೇ ನನಗೆ ಅದರಲ್ಲಿ ನಂಬಿಕೆಯಿಲ್ಲ. ಕರ್ನಾಟಕ ಎಂಟು ಸಲ ರಣಜಿ ಟ್ರೋಫಿ ಗೆದ್ದಿದೆ. ಆ ಎಂಟು ವರ್ಷಗಳನ್ನು ಬಾಯಿಪಾಠವಾಗಿ ಹೇಳಬಲ್ಲವರು ನಮ್ಮ ಸಂಘಗಳಲ್ಲಿ ಎಷ್ಟು ಮಂದಿ?

ನಾಗಪುರದ ಕನ್ನಡಿಗನಿಗೆ ಈ ಪ್ರಶ್ನೆ ಬೇರೆಯವರಿಗಿಂತ ತೀಕ್ಷ್ಣವಾಗಿ ತಟ್ಟಬೇಕು. 2017ರ ಡಿಸೆಂಬರಿನಲ್ಲಿ ಕೋಲ್ಕತ್ತದ ಈಡನ್ ಉದ್ಯಾನದಲ್ಲಿ ರಣಜಿಯ ಉಪಾಂತ್ಯ ಪಂದ್ಯ ನಡೆಯಿತು. ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ವಿದರ್ಭ. ಗೆಲ್ಲಲು ಕರ್ನಾಟಕಕ್ಕೆ ಬೇಕಾಗಿದ್ದುದು 198. ರಜನೀಶ್ ಗುರ್ಬಾನಿಯ ಏಳು ವಿಕೆಟ್ಟುಗಳ ಮುಂದೆ ಅದು 192ಕ್ಕೆ ನಿಂತಿತು. ಐದು ರನ್ನುಗಳ ಸೋಲು. ವಿದರ್ಭ ಆ ವರ್ಷ ಮೊದಲ ಬಾರಿ ರಣಜಿ ಗೆದ್ದಿತು. ಆ ವಿದರ್ಭದ ತಂಡದಲ್ಲಿ ವಸೀಮ್ ಜಾಫರ್ ಇದ್ದರು. ಕರ್ನಾಟಕವನ್ನು ಬಿಟ್ಟು ಬಂದ ಗಣೇಶ್ ಸತೀಶ್ ಇದ್ದರು. ಆ ಪಂದ್ಯದ ಮೊದಲ ಇನಿಂಗ್ಸಿನಲ್ಲಿ ಕರ್ನಾಟಕದ ಪರವಾಗಿ 153 ಹೊಡೆದ ಕರುಣ್ ನಾಯರ್, ತವರಿನ ತಂಡದಲ್ಲಿ ಸ್ಥಾನ ಕಳೆದುಕೊಂಡು 2023ರಲ್ಲಿ ಅದೇ ವಿದರ್ಭಕ್ಕೆ ಬಂದರು. 2025ರ ಜನವರಿ 18ರಂದು ವಡೋದರಾದಲ್ಲಿ ವಿಜಯ್ ಹಜಾರೆ ಟ್ರೋಫಿಯ ಅಂತಿಮ ಪಂದ್ಯವಾದಾಗ ವಿದರ್ಭದ ನಾಯಕ ಕರುಣ್ ನಾಯರ್, ಕರ್ನಾಟಕದ ನಾಯಕ ಮಯಾಂಕ್ ಅಗರ್ವಾಲ್; ಗೆದ್ದದ್ದು ಕರ್ನಾಟಕ. ಕೆಲವೇ ವಾರಗಳಲ್ಲಿ ನಾಗಪುರದ ಜಾಮ್ಠಾದಲ್ಲಿ ಕೇರಳದ ವಿರುದ್ಧ ರಣಜಿಯ ಅಂತಿಮ ಪಂದ್ಯ ನಡೆದು, ಕರುಣ್ ಎರಡನೆಯ ಇನಿಂಗ್ಸಿನಲ್ಲಿ 135 ಹೊಡೆದು ವಿದರ್ಭಕ್ಕೆ ಮೂರನೆಯ ರಣಜಿ ದೊರೆಯಿತು. ಆಗ ಇಲ್ಲಿನ ಕನ್ನಡಿಗರು ‘ನಮ್ದೆ’ ಎಂದು ಕೂಗಿದ್ದರೆ ತಪ್ಪೇನಿತ್ತು? ಬೆಂಗಳೂರಿನ ಕಪ್ಪಿನಲ್ಲಿ ಕನ್ನಡಿಗರ ಪಾಲಿಗಿಂತ ಈ ಕಪ್ಪಿನಲ್ಲಿದ್ದ ಪಾಲು ಹೆಚ್ಚೇ ಇರಬೇಕು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿದ ಬೆಂಗಳೂರಿನ ಹನ್ನೊಂದು ಮಂದಿಯಲ್ಲಿ ಕರ್ನಾಟಕದವರು ಮಯಾಂಕ್ ಒಬ್ಬರೇ. ಆ ತಂಡವನ್ನು ಅಲ್ಲಿಯವರೆಗೆ ತಂದವರಲ್ಲಿ ಅಮರಾವತಿಯ ಜಿತೇಶ್ ಶರ್ಮಾ ಇದ್ದರು. ಲಖನೌದಲ್ಲಿ 33 ಚೆಂಡುಗಳಿಗೆ ಅವರು ಹೊಡೆದ 85 ಇಲ್ಲದಿದ್ದರೆ ಕಥೆ ಬೇರೆಯೇ ಆಗುತ್ತಿತ್ತೋ ಏನೋ. ಅದೇ ಏಪ್ರಿಲ್ 10ರಂದು ದೆಹಲಿಯ ಪರವಾಗಿ ಆಡಿದ ಕೆ. ಎಲ್. ರಾಹುಲ್ 93 ಹೊಡೆದು ಚಿನ್ನಸ್ವಾಮಿಯಲ್ಲಿಯೇ ಬೆಂಗಳೂರನ್ನು ಸೋಲಿಸಿ, ದಾಂಡಿನಿಂದ ನೆಲದ ಮೇಲೆ ವೃತ್ತವೊಂದನ್ನೆಳೆದು ನಡುವೆ ಅದನ್ನು ಊರಿ ನಿಂತರು. ಆ ನೆಲ ತನ್ನದೆಂದು ‘ಕಾಂತಾರ’ ಚಿತ್ರದ ಮಾದರಿಯಲ್ಲಿ ಸಾರಿದ ಕನ್ನಡಿಗ ಎದುರು ತಂಡದಲ್ಲಿದ್ದ!

ಹೀಗೆ ಕನ್ನಡಿಗರು ವಿದರ್ಭದಲ್ಲಿ, ವಿದರ್ಭದವರು ಬೆಂಗಳೂರಿನಲ್ಲಿ. ಇದರಲ್ಲಿ ದೂರುವುದಕ್ಕೇನೂ ಇಲ್ಲ. ವಲಸೆ ಬಂದ ನಾವೇ ವಲಸೆಯನ್ನು ದೂರುವುದು ಶೋಭಿಸುವುದಿಲ್ಲ. ಆದರೆ ‘ನಾವು’ ಎಂಬ ಪದವನ್ನು ಇನ್ನಷ್ಟು ಎಚ್ಚರದಿಂದ ಬಳಸಬೇಕಾದ ಅಗತ್ಯವಂತೂ ಇದೆ. ಇಲ್ಲಿ ಮರಾಠಿ ನಮಗೆ ನೆರವಾಗುತ್ತದೆ. ಕೇಳುವವನನ್ನು ಹೊರಗಿಟ್ಟು ಹೇಳುವ ‘ಆಮ್ಹೀ’, ಒಳಗೆ ಸೇರಿಸಿಕೊಂಡು ಹೇಳುವ ‘ಆಪಣ್’ ಎಂದು ಮರಾಠಿಯಲ್ಲಿ ಎರಡು ಉತ್ತಮಪುರುಷ ಬಹುವಚನಗಳಿವೆ. ತೆಲುಗು ತಮಿಳುಗಳಲ್ಲಿಯೂ ಈ ಭೇದವಿದೆ. ಇಂದಿನ ಕನ್ನಡದ ‘ನಾವು’ ಎರಡು ಕೆಲಸವನ್ನೂ ಒಂದೇ ಮಾತಿನಲ್ಲಿ ಮಾಡುತ್ತದೆ. ನಾಗಪುರದ ಪೂರ್ವಕ್ಕೆ, ಭಂಡಾರಾ ರಸ್ತೆಯಲ್ಲಿ, ಕನ್ಹಾನ್ ನದಿಯ ದಡದಲ್ಲಿರುವ ಮೌದಾ ಪಟ್ಟಣವನ್ನು ತೆಗೆದುಕೊಳ್ಳಿ. ಅಲ್ಲಿ 2320 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವಿದೆ. ಇಂಥ ಸ್ಥಾವರದ ವಸತಿಯಲ್ಲಿ ಬೆಳೆಯುವ ಕನ್ನಡ ಮಗು ಶಾಲೆಯಲ್ಲಿ ಇಂಗ್ಲಿಷನ್ನೂ ಹಿಂದಿಯನ್ನೂ, ಅಂಗಡಿಬೀದಿಯಲ್ಲಿ ಮರಾಠಿಯನ್ನೂ ಆಡುವುದು. ಅಕ್ಷರಮಾಲೆ ಬಾರದಿದ್ದರೂ ‘ಈ ಸಲ ಕಪ್ ನಮ್ದೆ’ ಎಂಬುದು ಅದಕ್ಕೆ ಬರುವುದು. ಅದರ ಮರಾಠಿ ಗೆಳೆಯ ಅರ್ಥವೇನೆಂದು ಕೇಳಿದರೆ ಮಗು ಆರಿಸಿಕೊಳ್ಳಲೇಬೇಕಾಗುತ್ತದೆ: ಕಪ್ ‘ಆಮ್ಚಾಚ್’ ಎನ್ನಬೇಕೋ, ‘ಆಪ್ಲಾಚ್’ ಎನ್ನಬೇಕೋ? ಮೊದಲನೆಯದರಲ್ಲಿ ಗೆಳೆಯ ಹೊರಗೆ, ಎರಡನೆಯದರಲ್ಲಿ ಒಳಗೆ. ಜಿತೇಶ್ ಶರ್ಮರ ಊರಿನ ಕಡೆಯ ಗೆಳೆಯನಿಗೆ ‘ಆಮ್ಚಾಚ್’ ಎಂದು ಹೇಳುವುದು ಹೇಗೆ?

ಈ ಭೇದವನ್ನು ಇಟ್ಟುಕೊಂಡು ತಂಡದ ಒಡೆತನವನ್ನು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಒಡೆಯರ ‘ನಾವು’ ಅಭಿಮಾನಿಯನ್ನು ಒಳಗೊಳ್ಳುವುದು ಹಣ ಮತ್ತು ಕಂಠದ ಮಟ್ಟಿಗೆ ಮಾತ್ರ. 2023ರಿಂದ 2027ರವರೆಗಿನ ಪ್ರಸಾರದ ಹಕ್ಕುಗಳು ಸುಮಾರು 48,390 ಕೋಟಿ ರೂಪಾಯಿಗೆ ಮಾರಾಟವಾದುದು ನೋಡುವ ಕಣ್ಣುಗಳ ಬಲದಿಂದ. ಆ ಕಣ್ಣುಗಳಿಗೆ ಯಾವ ನಿರ್ಣಯದಲ್ಲಿಯೂ ಮತವಿಲ್ಲ. 2024ರ ಮಾರ್ಚಿನಲ್ಲಿ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಎಂದು ತಂಡದ ಹೆಸರು ತಿದ್ದಿದಾಗ ನಾವು ಹಿಗ್ಗಿದೆವು. ಅದೇ ನವೆಂಬರಿನಲ್ಲಿ ತಂಡ ಹಿಂದಿಯಲ್ಲಿ ಪ್ರತ್ಯೇಕ ಪ್ರಚಾರಖಾತೆ ತೆರೆದಾಗ ಕೆರಳಿದೆವು. ಎರಡೂ ವ್ಯಾಪಾರಿಯ ಲೆಕ್ಕಾಚಾರಗಳೇ. ಹಿಗ್ಗಿದುದರಲ್ಲಿಯೂ ಕೆರಳಿದುದರಲ್ಲಿಯೂ ನಾವು ಅವನನ್ನು ಕನ್ನಡದ ಸಂಸ್ಥೆಯೆಂದು ಎಣಿಸಿದ್ದೆವು. ಗೆಲುವಿನ ಮರುದಿನ, ಜೂನ್ 4ರಂದು, ತಂಡವನ್ನು ನೋಡಲು ಚಿನ್ನಸ್ವಾಮಿಯ ಬಾಗಿಲುಗಳ ಬಳಿ ನೆರೆದವರಲ್ಲಿ ಹನ್ನೊಂದು ಮಂದಿ ನೂಕುನುಗ್ಗಲಿನಲ್ಲಿ ಸತ್ತರು. ‘ನಮ್ದು’ ಎಂದು ಪ್ರತ್ಯಯ ಬದಲಾಯಿಸಿ ಇನ್ನೂ ಒಂದು ಹಗಲು ಕಳೆದಿರಲಿಲ್ಲ. ಈ ವಿಷಯದಲ್ಲಿ ಅಲಂಕಾರದ ಮಾತು ಸಲ್ಲದು. ಐದು ತಿಂಗಳ ತರುವಾಯ, 2025ರ ನವೆಂಬರಿನಲ್ಲಿ, ಒಡೆತನದ ಯುನೈಟೆಡ್ ಸ್ಪಿರಿಟ್ಸ್ ಸಂಸ್ಥೆ ತಂಡದಲ್ಲಿ ತಾನು ತೊಡಗಿಸಿದ ಬಂಡವಾಳವನ್ನು ಪುನಃ ಪರಿಶೀಲಿಸುತ್ತಿರುವುದಾಗಿ ಷೇರುಪೇಟೆಗೆ ತಿಳಿಸಿತು. ‘ನಮ್ಮದೇ’ ಎಂಬುದನ್ನು ಪ್ರಶ್ನೆಯ ಸ್ವರದಲ್ಲಿ ಓದಲು ಅದಕ್ಕಿಂತ ತಕ್ಕ ದಿನ ದೊರೆಯಲಾರದು.

ಹಾಗಾದರೆ ಮೌದಾದ ಮಗುವಿನ ಬಾಯಿಂದ ಈ ವಾಕ್ಯವನ್ನು ಕಿತ್ತುಕೊಳ್ಳಬೇಕೇ? ಹಾಗೆನ್ನುವ ಶುದ್ಧಿವಾದಿಗಳು ನಮ್ಮಲ್ಲಿದ್ದಾರೆ. ನಾನು ಅವರ ಪಕ್ಷದವನಲ್ಲ. ತಂಡ ಕೊಂಡವರದಾಗಬಹುದು, ವಾಕ್ಯ ಕೊಂಡುದಲ್ಲ. ಅಂತರ್ಜಾಲದ ನೇರಪ್ರಸಾರದಲ್ಲಿ ಕನ್ನಡದ ವೀಕ್ಷಕವಿವರಣೆಯೂ ಸಿಗುತ್ತಿರುವುದರಿಂದ, ವರ್ಷದಲ್ಲಿ ಎರಡು ತಿಂಗಳು ಆ ಮನೆಯಲ್ಲಿ ಹೊರಗಿನವರ ಕನ್ನಡವೂ ಕಿವಿಗೆ ಬೀಳುತ್ತದೆ; ಇದನ್ನು ಅಲ್ಪವೆಂದು ತಳ್ಳಿಹಾಕಬಲ್ಲ ಸಂಘ ಯಾವುದೂ ಇಲ್ಲ. ನನ್ನ ಆಕ್ಷೇಪವೆಲ್ಲ ದೊಡ್ಡವರಾದ ನಮ್ಮ ಮೇಲೆ. ದೊಡ್ಡ ಪರದೆಯ ಮೇಲೆ ಬೆಂಗಳೂರಿನ ಪಂದ್ಯವನ್ನು ತೋರಿಸಿ, ಕೆಂಪಂಗಿ ತೊಟ್ಟ ಮಕ್ಕಳ ಛಾಯಾಚಿತ್ರವನ್ನು ವಾರ್ಷಿಕ ವರದಿಯಲ್ಲಿ ಅಚ್ಚುಹಾಕಿಸಿ, ಭಾಷಾಪ್ರಸಾರವೆಂಬ ಶೀರ್ಷಿಕೆ ಕೊಟ್ಟು ತೃಪ್ತರಾಗುವುದು ಸೋಮಾರಿತನ. ನಾಲ್ಕು ಪದಗಳು ಬಂದ ಮಗುವಿಗೆ ಐದನೆಯ ಪದವನ್ನು ಕಲಿಸುವ ಹೊಣೆ ವಿಸ್ಕಿಯ ಕಂಪನಿಯದಲ್ಲ. ‘ನಮ್ದೆ’ಯಿಂದ ‘ನಮ್ಮದೇ’ಗೆ, ಅಲ್ಲಿಂದ ‘ನಿಮ್ಮದೇ?’ ‘ಯಾರದು?’ ಎಂಬಲ್ಲಿಗೆ ಹೋಗಲು ಒಂದು ಭಾನುವಾರ ಸಾಕು. ಕರ್ನಾಟಕದ ರಣಜಿ ತಂಡ ವಿದರ್ಭದ ವಿರುದ್ಧ ಆಡಲು ಜಾಮ್ಠಾಕ್ಕೆ ಬಂದಾಗ, ಬಹುಮಟ್ಟಿಗೆ ಬರಿದಾಗಿರುವ ಆ ಗ್ಯಾಲರಿಗೆ ಮೌದಾದ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯಬಹುದು. ಅವರ ಮರಾಠಿ ಗೆಳೆಯರನ್ನೂ ಜೊತೆಗೆ ಕರೆದೊಯ್ಯಬೇಕು. ಯಾರ ಪರವಾಗಿ ಕೂಗುವರೆಂಬುದನ್ನು ಅವರೇ ತೀರ್ಮಾನಿಸಲಿ.