ನಮ್ಮ ಮಾತು ಕೇಳುವ ಸುದ್ದಿಪೆಟ್ಟಿಗೆ

ಹೊಸ ಸಲಕರಣೆಯೊಂದು ಮನೆಗೆ ಬಂದಾಗ ನಾವು ಹೆಂಗಸರು ಬೆಲೆ ಎಷ್ಟು, ಬಾಳಿಕೆ ಎಷ್ಟು ಎಂದು ವಿಚಾರಿಸುತ್ತೇವೆ. ಅದು ಯಾರ ಮಾತು ಕೇಳುತ್ತದೆ ಎಂದು ವಿಚಾರಿಸುವುದು ಕಡಿಮೆ. ನಾನು ಮನೆಯಲ್ಲಿ ಬಳಸುತ್ತಿರುವ ಫ್ರೆಶ್‌ಆರ್‌ಎಸ್‌ಎಸ್ ಎಂಬ ಸುದ್ದಿ ಸಂಗ್ರಾಹಕವನ್ನು ಈ ಪ್ರಶ್ನೆಯಿಂದಲೇ ಅಳೆಯಬೇಕೆನಿಸುತ್ತದೆ.

ಪತ್ರಿಕೆಗಳು, ಸಂಸ್ಥೆಗಳು ತಮ್ಮ ಹೊಸ ಬರಹಗಳ ಪಟ್ಟಿಯನ್ನು ಯಂತ್ರ ಓದುವಂಥ ರೂಪದಲ್ಲಿ ಅಂತರಜಾಲದಲ್ಲಿ ಇಡುತ್ತವೆ. ಇದಕ್ಕೆ ಫೀಡ್ ಎನ್ನುತ್ತಾರೆ. ಆರ್‌ಎಸ್‌ಎಸ್ ಎಂಬ ಈ ಪದ್ಧತಿ ಬಂದದ್ದು 1999ರಲ್ಲಿ. ನಾವು ಆರಿಸಿದ ಹತ್ತೆಂಟು ಫೀಡ್‌ಗಳನ್ನು ಒಂದೇ ಪುಟಕ್ಕೆ ತಂದು ಹಾಕುವುದು ಸಂಗ್ರಾಹಕದ ಕೆಲಸ. ಗೂಗಲ್ ಕೂಡ 'ರೀಡರ್' ಎಂಬ ಹೆಸರಿನಲ್ಲಿ ಇದನ್ನು ಪುಕ್ಕಟೆ ಕೊಟ್ಟಿತ್ತು. 2013ರ ಜುಲೈ 1ರಂದು ಬಾಗಿಲು ಹಾಕಿತು. ಪರರ ಜಗುಲಿಯಲ್ಲಿ ಕೂತವರು ಏಳಿ ಎಂದಾಗ ಏಳಲೇಬೇಕಲ್ಲ! 2012ರಲ್ಲಿ ಫ್ರಾನ್ಸಿನ ತರುಣನೊಬ್ಬ ಆರಂಭಿಸಿದ ಫ್ರೆಶ್‌ಆರ್‌ಎಸ್‌ಎಸ್ ನಮ್ಮದೇ ಯಂತ್ರದಲ್ಲಿ ಕೂರುತ್ತದೆ, ದುಡ್ಡು ಕೇಳುವುದಿಲ್ಲ. ಹೊಸ ಸುದ್ದಿ ಮೇಲೆ, ಹಳೆಯದು ಕೆಳಗೆ. ಅಷ್ಟೇ ಅದರ ನ್ಯಾಯ.

ಕೈಗಾದಂಥ ಊರಿಗೆ ಈ ನ್ಯಾಯ ಸಣ್ಣದಲ್ಲ. 1994ರ ಮೇ 13ರಂದು, ಕಟ್ಟುತ್ತಿದ್ದ ಅಣುಸ್ಥಾವರದ ಗುಮ್ಮಟದ ಒಳಭಾಗ ಕುಸಿಯಿತು. 2009ರ ನವೆಂಬರಿನಲ್ಲಿ, ಸ್ಥಾವರದ ಕುಡಿಯುವ ನೀರಿಗೆ ಟ್ರಿಟಿಯಂ ಬೆರೆತದ್ದು ನೌಕರರ ಮೂತ್ರಪರೀಕ್ಷೆಯಿಂದ ಬಯಲಾಯಿತು. ಅಂಥ ಸುದ್ದಿ ಇಂದು ಹುಟ್ಟಿದರೆ ಮೊಬೈಲಿಗೆ ಮೊದಲು ಮುಟ್ಟುವುದು ಯಾರೋ ದಾಟಿಸಿದ ಸಂದೇಶ. ಹೆಚ್ಚು ಹೆದರಿಸುವುದೇ ಹೆಚ್ಚು ಓಡುತ್ತದೆ. ಮಕ್ಕಳಿಗೆ ನಲ್ಲಿ ನೀರು ಕೊಡಲೋ ಬೇಡವೋ ಎಂದು ನಿಂತ ತಾಯಿಗೆ ಬೇಕಾದದ್ದು ಯಾರು ಹೇಳಿದರು, ಯಾವಾಗ ಹೇಳಿದರು ಎಂಬ ಎರಡು ವಿವರ. ಈ ಪುಟದಲ್ಲಿ ಪ್ರತಿ ಸುದ್ದಿಯ ಜೊತೆ ಅವೆರಡೂ ಇರುತ್ತವೆ.

ಆದರೆ ಇದನ್ನು ಹಾಕಿಕೊಳ್ಳುವುದು ಸುಲಭ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಳೆಯ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಹಾಕಿ, ಅಪಾಚೆ, ಪಿಎಚ್‌ಪಿ ಕೂಡಿಸಿ, ಕಡತಗಳಿಗೆ ಅನುಮತಿ ಕೊಟ್ಟ ಮೇಲೆ ಪುಟ ಮೂಡುತ್ತದೆ. ಸುದ್ದಿ ಕೂಡಿಡಲು ಎಸ್‌ಕ್ಯೂಲೈಟ್ ಆರಿಸಿಕೊಂಡರೆ ಒಂದು ತಾಪತ್ರಯ ತಪ್ಪುತ್ತದೆ. ಇಷ್ಟಾದರೂ ಸುದ್ದಿ ತಾನಾಗಿ ಬರುವುದಿಲ್ಲ. ಇಂತಿಷ್ಟು ಹೊತ್ತಿಗೊಮ್ಮೆ ಹೋಗಿ ತಾ ಎಂದು ಕ್ರಾನ್ ಎಂಬ ಆಳಿಗೆ ಬರೆದಿಡಬೇಕು. ಆಗಾಗ ಹೊಸ ಆವೃತ್ತಿ ಹಾಕಬೇಕು, ಪ್ರತಿ ತೆಗೆದಿಡಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ, ಅಣುವಿದ್ಯುತ್ತಿನ ಸೀಮೆಯಾದರೂ, ಪೆಟ್ಟಿಗೆ ಮಲಗುತ್ತದೆ.

ಇದನ್ನೆಲ್ಲ ಮಗನೋ ಅಳಿಯನೋ ಮಾಡಿಕೊಟ್ಟು ಬೆಂಗಳೂರಿಗೆ ಹೋದರೆ ಪಾಸ್‌ವರ್ಡೂ ಬೆಂಗಳೂರಿಗೆ ಹೋಗುತ್ತದೆ. ಬೆಳಗಿನ ಪೇಪರು ಗಂಡಸರೆಲ್ಲರ ಕೈ ದಾಟಿ ಮಧ್ಯಾಹ್ನ ನಮಗೆ ಸಿಗುತ್ತಿದ್ದ ಕಾಲಕ್ಕೇ ಮರಳಿದಂತಾಯಿತು!

ಇನ್ನೊಂದು ಕೊರತೆ ಯಂತ್ರದ್ದಲ್ಲ, ಆರಿಸುವವರದು. ಕೇಳಿದ್ದನ್ನಷ್ಟೇ ಅದು ತರುತ್ತದೆ. ಕೈಗಾ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ನಿಂತರು, ಡಾ. ಕುಸುಮಾ ಸೊರಬ ಚಳವಳಿಯಲ್ಲಿ ದುಡಿದರು. ಅದೇ ಸ್ಥಾವರದ ಸಂಬಳದಿಂದ ಮಕ್ಕಳನ್ನು ಓದಿಸಿದ ಮನೆಗಳೂ ಮಲ್ಲಾಪುರದಲ್ಲಿವೆ. ಒಂದೇ ಕಡೆಯವರನ್ನು ಪಟ್ಟಿಗೆ ಸೇರಿಸಿಕೊಂಡರೆ ನಮ್ಮ ದನಿಯೇ ನಮಗೆ ಮರಳಿ ಕೇಳಿಸೀತು. ಇನ್ನು ಕಾಳಿ ನದಿಯ ಬಗ್ಗೆ ಮೀನು ಮಾರುವ ಹೆಂಗಸು ಹೇಳುವ ಸುದ್ದಿಗೆ ಫೀಡೇ ಇಲ್ಲ. ಅದನ್ನು ಬಾಗಿಲಲ್ಲಿ ನಿಂತೇ ಕೇಳಬೇಕು.

ಆದರೂ ಹಾಕಿಸಿಕೊಳ್ಳಿ ಎನ್ನುತ್ತೇನೆ. ಹಾಕುವಾಗ ಪಕ್ಕದಲ್ಲಿ ಕೂತು, ಪ್ರತಿ ಹೆಜ್ಜೆಯನ್ನೂ ಕನ್ನಡದಲ್ಲಿ ಬರೆದುಕೊಳ್ಳಿ. ಉಪ್ಪಿನಕಾಯಿಯ ಅಳತೆ ಬರೆದಿಟ್ಟ ಪುಸ್ತಕವಾದರೂ ಸರಿ, ಪಾಸ್‌ವರ್ಡು ಮಾತ್ರ ನಿಮ್ಮದಾಗಿರಲಿ.